ವಿಹಾರ ವಿಚಾರ: ದೋಣಿಯನ್ನು ಇಳಿಸತಕ್ಕ ರೇವು

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೂ ಅಳಿಯಂದಿರೂ ಇಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದಲ್ಲಿಯೂ ಅದರ ಸುತ್ತಣ ಊರುಗಳಲ್ಲಿಯೂ ನೆಲೆಸಿರುವರು. ಆ ಸೀಮೆಯು ನೀರಿನ ಸೀಮೆ. ಸಣ್ಣದೊಂದು ದೋಣಿಯನ್ನು ಕೊಂಡು, ಟ್ರೈಲರ್ ಎಂಬ ಎಳೆಬಂಡಿಯ ಮೇಲೆ ಅದನ್ನು ಮನೆಯ ಅಂಗಳದಲ್ಲಿಯೇ ಇರಿಸಿಕೊಂಡು, ರಜೆ ಬಂದೊಡನೆ ಮೋಟಾರಿನ ಹಿಂದೆ ಕಟ್ಟಿ ಕಡಲಿಗೆ ಒಯ್ಯುವುದು ಅಲ್ಲಿಯ ಸಂಸಾರಿಗಳಲ್ಲಿ ಬಹುಕಾಲದ ವಾಡಿಕೆ. ಈ ವಾಡಿಕೆ ನಮ್ಮವರಿಗೂ ಹತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಹೆಂಡತಿ ಮಕ್ಕಳನ್ನು ಕೂಡಿಕೊಂಡು ಸ್ಯಾನ್ ವಾನ್ ದ್ವೀಪಗಳ ನಡುವೆ ನಾಲ್ಕು ದಿನ ಸುತ್ತಿ ಬರಬೇಕೆಂದು ಆಶಿಸುವ ಗೃಹಸ್ಥನಿಗೆ ಮೊತ್ತಮೊದಲು ಎದುರಾಗುವ ಪ್ರಶ್ನೆಯಾದರೋ ಇದು: ದೋಣಿಯನ್ನು ಯಾವ ರೇವಿನಲ್ಲಿ ನೀರಿಗಿಳಿಸಬೇಕು?

ಇದೇನು ದೊಡ್ಡ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಮನೆಗೆ ಹತ್ತಿರವಾದ ರೇವೇ ಸಾಕೆಂದು ಒಬ್ಬರೂ, ದ್ವೀಪಗಳಿಗೆ ಹತ್ತಿರವಾದುದೇ ಲೇಸೆಂದು ಇನ್ನೊಬ್ಬರೂ ಹೇಳುವರು. ಈ ಎರಡು ಲೆಕ್ಕಗಳೂ ಹೊರಡುವ ದಿನದ ಲೆಕ್ಕಗಳು. ಹೊರಡುವ ದಿನ ಮನುಷ್ಯನು ಸ್ವತಂತ್ರನು. ಗಾಳಿ ಹೆಚ್ಚಾಗಿದ್ದರೆ ದಡದಲ್ಲಿಯೇ ಉಳಿಯಬಲ್ಲನು. ಮರಳುವ ದಿನವೋ ಅವನು ರಜೆಯ ಆಳು. ಸೋಮವಾರ ಬೆಳಗ್ಗೆ ಕಚೇರಿಗೆ ಹಾಜರಾಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಕಡಲು ಹೇಗಿದ್ದರೂ ಭಾನುವಾರ ಸಂಜೆಯೊಳಗೆ ದಾಟಿಯೇ ತೀರಬೇಕೆಂಬ ಆತುರವು ಅವನನ್ನು ಹಿಡಿಯುತ್ತದೆ. ಆದಕಾರಣ ರೇವನ್ನು ಆರಿಸುವವನು ಮರಳುವ ಹೊತ್ತನ್ನು ನೆನೆದು ಆರಿಸತಕ್ಕದ್ದು. ಈ ಲೇಖನದ ತಿರುಳೆಲ್ಲ ಇಷ್ಟೇ. ಉಳಿದುದು ಅದರ ವಿವರಣೆ.

ಮೊದಲು ಆ ನೀರಿನ ಸ್ವಭಾವವನ್ನು ತಿಳಿಯೋಣ. ಆ ಕಡಲು ವರ್ಷವೆಲ್ಲ ತಣ್ಣಗಿರುವುದು. ಬೇಸಿಗೆಯಲ್ಲಿಯೂ ಅದರ ಶಾಖ ಸುಮಾರು 10 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಅಂಥ ನೀರಿಗೆ ಬಿದ್ದವನಿಗೆ ಮೊದಲ ನಿಮಿಷದಲ್ಲಿ ಉಸಿರು ಎಳೆದುಕೊಂಡು ಬರುತ್ತದೆ. ಹತ್ತು ನಿಮಿಷ ಕಳೆಯುವುದರೊಳಗೆ ಕೈಗಳು ಹಗ್ಗವನ್ನು ಹಿಡಿಯಲಾರದಷ್ಟು ಸೋಲುತ್ತವೆ. ಈಜು ಬಲ್ಲೆನೆಂಬ ಧೈರ್ಯ ಅಲ್ಲಿ ನಡೆಯದು. 19 ಅಡಿಗಿಂತ ಕಡಿಮೆ ಉದ್ದದ ದೋಣಿ ಚಲಿಸುತ್ತಿರುವಾಗ 12 ವರ್ಷದವರೆಗಿನ ಮಕ್ಕಳು ಲೈಫ್ ಜಾಕೆಟ್ಟನ್ನು ತೊಟ್ಟಿರಲೇಬೇಕೆಂದು ವಾಷಿಂಗ್ಟನ್ ಸಂಸ್ಥಾನದ ಕಾನೂನು ವಿಧಿಸಿದೆ. ಕಾನೂನು ಮಕ್ಕಳನ್ನು ಮಾತ್ರ ಹೇಳಿದ್ದರೂ ತಾಯಿತಂದೆಗಳು ತೊಡುವುದೂ ಮಕ್ಕಳ ಹಿತಕ್ಕಾಗಿಯೇ ಎಂಬುದನ್ನು ಮರೆಯಬಾರದು.

ಎರಡನೆಯದು ಸೆಳವು. ಉಬ್ಬರ ಇಳಿತಗಳ ನೀರೆಲ್ಲ ದ್ವೀಪಗಳ ನಡುವಣ ಇಕ್ಕಟ್ಟಾದ ದಾರಿಗಳಲ್ಲಿ ನುಗ್ಗಿ ಬರುವುದರಿಂದ ಅಲ್ಲಿ ಕಡಲು ಹೊಳೆಯಂತೆ ಹರಿಯುತ್ತದೆ. ದ್ವೀಪಗಳಿಗೂ ಪೂರ್ವದ ದಡಕ್ಕೂ ನಡುವೆ ರೊಸಾರಿಯೊ ಎಂಬ ಜಲಸಂಧಿಯಿದೆ. ಅದರಲ್ಲಿ ಗಂಟೆಗೆ ಎರಡು ಮೂರು ಕಡಲ ಮೈಲಿಗಳ ಸೆಳವು ಸಾಮಾನ್ಯ. ಇಳಿತದ ನೀರು ತೆಂಕಣ ದಿಕ್ಕಿಗೆ ಹರಿಯುತ್ತಿರುವಾಗ ತೆಂಕಣ ಗಾಳಿಯು ಅದಕ್ಕೆ ಎದುರಾಗಿ ಬೀಸಿತೆಂದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಎದ್ದು ನಿಲ್ಲುತ್ತವೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಇಳಿತದ ಹೊಳೆನೀರು ಕಡಲಿನ ಅಲೆಗೆ ಎದುರಾದಾಗ ಏನಾಗುವುದೆಂದು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾದುದಿಲ್ಲ. ಬೇಸಿಗೆಯಲ್ಲಿ ಪಶ್ಚಿಮದ ಗಾಳಿಯು ಮಧ್ಯಾಹ್ನದ ಮೇಲೆ ಬಲಗೊಳ್ಳುವುದು ಅಲ್ಲಿಯ ರೂಢಿ. ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳ ಬೆಳಗುಗಳಲ್ಲಿ ದಟ್ಟವಾದ ಮಂಜು ಕವಿಯುವುದೂ ಉಂಟು. ಇದಲ್ಲದೆ ಎಣ್ಣೆ ತುಂಬಿದ ಭಾರಿ ಹಡಗುಗಳು ಇದೇ ಜಲಸಂಧಿಯಲ್ಲಿ ಓಡಾಡುತ್ತವೆ. ಅವು ಸಣ್ಣ ದೋಣಿಗಾಗಿ ನಿಲ್ಲಲಾರವು, ತಿರುಗಲೂ ಆರವು.

ಇನ್ನು ರೇವುಗಳನ್ನು ಒಂದೊಂದಾಗಿ ನೋಡೋಣ.

ಸಿಯಾಟಲ್ ನಗರದಲ್ಲಿಯೇ ದೋಣಿಯನ್ನಿಳಿಸುವವನು ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿನಲ್ಲಿ ಉತ್ತರಕ್ಕೆ ಸಾಗಿ, ಅಡ್ಮಿರಾಲ್ಟಿ ಎಂಬ ಬಲವಾದ ಸೆಳವಿನ ಬಾಯನ್ನು ದಾಟಿ, ವಾನ್ ಡಿ ಫ್ಯೂಕಾ ಜಲಸಂಧಿಯ ಬಯಲನ್ನು ಹಾಯಬೇಕು. ಗಂಟೆಗೆ ಐದು ಕಡಲ ಮೈಲಿ ನಡೆಯುವ ಹಾಯಿದೋಣಿಗೆ ಇದು ಹೋಗಿಬರುವುದರಲ್ಲಿಯೇ ರಜೆಯನ್ನು ತಿಂದುಹಾಕುವ ದಾರಿ. ಅನಕೋರ್ಟಿಸ್ ಪಟ್ಟಣಕ್ಕೆ ರಸ್ತೆಯಲ್ಲಿ ಸುಮಾರು 80 ಮೈಲಿ. ಎಳೆಬಂಡಿಯೊಡನೆ ನಿಧಾನವಾಗಿ ಹೋದರೂ ಎರಡು ಗಂಟೆಗಳ ಪ್ರಯಾಣ. ಬಂಡಿಗೆ ಚಕ್ರಗಳಿರುವುದು ಏತಕ್ಕೆ? ಕಡಲಿನಲ್ಲಿ ಅಪಾಯಕರವಾದ ಮೈಲಿಗಳನ್ನು ನೆಲದ ಮೇಲೆ ಕಳೆಯುವುದಕ್ಕೆ. ಈ ಅನುಕೂಲವನ್ನು ಬಿಟ್ಟುಕೊಡುವುದು ಜಾಣತನವಲ್ಲ.

ಕಾರ್ನೆಟ್ ಕೊಲ್ಲಿಯ ರೇವು ನೋಡುವುದಕ್ಕೆ ಬಹು ರಮ್ಯವಾದುದು. ಆದರೆ ಅಲ್ಲಿಂದ ದ್ವೀಪಗಳತ್ತ ಹೋಗಬೇಕಾದರೆ ಡಿಸೆಪ್ಷನ್ ಪಾಸ್ ಎಂಬ ಕಿರಿದಾದ ಕಂಡಿಯನ್ನು ದಾಟಬೇಕು. ಡಿಸೆಪ್ಷನ್ ಎಂದರೆ ವಂಚನೆ. 1792ರಲ್ಲಿ ಜಾರ್ಜ್ ವ್ಯಾಂಕೂವರ್ ಎಂಬ ಆಂಗ್ಲ ನಾವಿಕನು ಅಲ್ಲಿಯ ನೆಲವನ್ನು ಪರ್ಯಾಯದ್ವೀಪವೆಂದು ಭಾವಿಸಿದ್ದನು. ಅವನ ಸಹಾಯಕನಾದ ಜೋಸೆಫ್ ವಿಡ್ಬಿಯು ಕಂಡಿಯನ್ನು ಶೋಧಿಸಿದ ಮೇಲೆ ಅದು ದ್ವೀಪವೆಂದು ಗೊತ್ತಾಗಿ, ತಾನು ಮೋಸಹೋದೆನೆಂದು ಈ ಹೆಸರನ್ನಿಟ್ಟನು. ಹೆಸರಿಗೆ ತಕ್ಕಂತೆ ಅಲ್ಲಿಯ ಸೆಳವು ಗಂಟೆಗೆ ಸುಮಾರು ಎಂಟು ಕಡಲ ಮೈಲಿಯವರೆಗೂ ಏರುತ್ತದೆ. 1935ರಲ್ಲಿ ಕಟ್ಟಿದ ಸೇತುವೆಯ ಮೇಲೆ ನಿಂತು ಅದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಉಬ್ಬರವೂ ಇಳಿತವೂ ಬದಲಾಗುವ ನಡುವೆ ನೀರು ಸುಮ್ಮನಾಗುವ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಸಣ್ಣ ದೋಣಿ ಅಲ್ಲಿ ದಾಟಬೇಕು. ಅಂದರೆ ಮರಳುವವನು ಆ ಗಳಿಗೆಯನ್ನು ತಪ್ಪಿಸಿದನೋ, ಹಲವು ಗಂಟೆ ಹೊರಗೆ ಕಾಯತಕ್ಕವನು. ಆ ಹೊರಗಡೆಯಾದರೋ ಪಶ್ಚಿಮದ ಗಾಳಿಗೆ ತೆರೆದ ಕಡಲು.

ಲಾ ಕಾನರ್ ಎಂಬ ಊರಿನ ರೇವು ಸ್ವಿನೋಮಿಷ್ ಕಾಲುವೆಯ ದಂಡೆಯ ಮೇಲಿದೆ. ಇಲ್ಲಿ ನೀರು ತಣಿದಿರುತ್ತದೆ, ಅಲೆಯ ಕಾಟವಿಲ್ಲ. ಹೊಸದಾಗಿ ದೋಣಿ ಕೊಂಡವರು ಯಂತ್ರವನ್ನೂ ಚುಕ್ಕಾಣಿಯನ್ನೂ ಮೊದಲ ಒಂದೆರಡು ಗಂಟೆ ಪರೀಕ್ಷಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳ ಆ ಸುತ್ತಿನಲ್ಲಿ ವಿರಳ. ಕಾಲುವೆಯ ಉತ್ತರದ ತುದಿಯಲ್ಲಿ ಪಡೀಲಾ ಕೊಲ್ಲಿಯ ಆಳವಿಲ್ಲದ ಕೆಸರು ಇರುವುದರಿಂದ ಗುರುತಿನ ಕಂಬಗಳನ್ನು ಬಿಟ್ಟು ಅತ್ತಿತ್ತ ಹೋಗಕೂಡದು. ದಾರಿ ಸ್ವಲ್ಪ ಉದ್ದ. ರೊಸಾರಿಯೊವನ್ನು ದಾಟುವುದೂ ತಪ್ಪದು.

ಅನಕೋರ್ಟಿಸಿನ ಪಶ್ಚಿಮ ತುದಿಯಲ್ಲಿರುವ ವಾಷಿಂಗ್ಟನ್ ಪಾರ್ಕಿನ ರೇವು ದ್ವೀಪಗಳಿಗೆ ಎದುರಾಗಿಯೇ ಇದೆ. ಅಲ್ಲಿಂದ ಥ್ಯಾಚರ್ ಎಂಬ ದ್ವೀಪಮಧ್ಯದ ದಾರಿಗೆ ಮೂರು ನಾಲ್ಕು ಕಡಲ ಮೈಲಿಗಳು ಮಾತ್ರ. ಬೆಳಗಿನ ಶಾಂತವಾದ ಹೊತ್ತಿನಲ್ಲಿ ಒಂದು ಗಂಟೆಯೊಳಗೆ ದಾಟಬಹುದು. ಇದರ ಗುಣವೂ ದೋಷವೂ ಒಂದೇ: ರೇವು ಬಿಟ್ಟ ಗಳಿಗೆಯಿಂದಲೇ ಬಯಲು ಕಡಲು. ಮರಳುವಾಗಲೂ ಕೊನೆಯ ಮೈಲಿಯೇ ಕಠಿನವಾದ ಮೈಲಿ. ಮಕ್ಕಳು ದಣಿದಿರುವ, ಎಣ್ಣೆ ತೀರುತ್ತ ಬಂದಿರುವ ಹೊತ್ತಿಗೆ ಅದು ಎದುರಾಗುತ್ತದೆ.

ಇನ್ನೊಂದು ಉಪಾಯವುಂಟು, ಅನೇಕರು ಇದನ್ನು ಯೋಚಿಸುವುದೇ ಇಲ್ಲ. ಅನಕೋರ್ಟಿಸಿನಿಂದ ಸಂಸ್ಥಾನದ ಫೆರಿ ಹಡಗುಗಳು ದ್ವೀಪಗಳಿಗೆ ಹೋಗುತ್ತವೆ. ಮೋಟಾರನ್ನು ಎಳೆಬಂಡಿ ದೋಣಿಗಳ ಸಮೇತ ಆ ಹಡಗಿಗೆ ಏರಿಸಿ, ರೊಸಾರಿಯೊವನ್ನು ಅದರ ಮೇಲೆಯೇ ದಾಟಿ, ಲೋಪೆಸ್ ದ್ವೀಪದ ಆಡ್ಲಿನ್ ಉದ್ಯಾನದಲ್ಲಿಯೋ ಸ್ಯಾನ್ ವಾನ್ ದ್ವೀಪದ ಜ್ಯಾಕ್ಸನ್ ಬೀಚಿನಲ್ಲಿಯೋ ದೋಣಿಯನ್ನಿಳಿಸಬಹುದು. ಬಾಡಿಗೆಯನ್ನು ವಾಹನದ ಉದ್ದವನ್ನಳೆದು ಕಟ್ಟಿಸಿಕೊಳ್ಳುವರಾದ್ದರಿಂದ ಖರ್ಚು ಹೆಚ್ಚೇ. ಬೇಸಿಗೆಯಲ್ಲಿ ಮುಂಗಡವಾಗಿ ಸ್ಥಳ ಕಾದಿರಿಸಬೇಕಾಗುವುದು. ಆದರೆ ಆ ಹಣಕ್ಕೆ ದೊರೆಯುವುದು ಇಂಥದು: ದ್ವೀಪಗಳ ಮರೆಯಲ್ಲಿಯೇ ಹೊರಟು ದ್ವೀಪಗಳ ಮರೆಯಲ್ಲಿಯೇ ಮುಗಿಯುವ ಪ್ರವಾಸ.

ಅಷ್ಟು ಹಣ ವೆಚ್ಚಮಾಡಲು ಒಲ್ಲದವರೂ ಇದನ್ನು ಆಪದ್ಧರ್ಮವಾಗಿ ನೆನಪಿನಲ್ಲಿಡಬೇಕು. ವಾಷಿಂಗ್ಟನ್ ಪಾರ್ಕಿನಿಂದ ಹೊರಟವರಿಗೆ ಮರಳುವ ದಿನ ಕಡಲು ಕೆಟ್ಟಿತೆನ್ನೋಣ. ದೋಣಿಯನ್ನು ಫ್ರೈಡೇ ಹಾರ್ಬರಿನಲ್ಲಿ ಕಟ್ಟಿ, ಸಂಸಾರವೆಲ್ಲ ಕಾಲ್ನಡಿಗೆಯ ಪ್ರಯಾಣಿಕರಾಗಿ ಫೆರಿಯನ್ನು ಹತ್ತಬಹುದು. ಪೂರ್ವಕ್ಕೆ ಮರಳುವವರಿಂದ ಆ ಮಾರ್ಗದಲ್ಲಿ ಹಣ ತೆಗೆದುಕೊಳ್ಳುವ ಪದ್ಧತಿಯಿಲ್ಲ. ಹಡಗುಕಟ್ಟೆಗೂ ವಾಷಿಂಗ್ಟನ್ ಪಾರ್ಕಿಗೂ ದೂರ ಹೆಚ್ಚಿಲ್ಲ. ಸೋಮವಾರದ ಕಚೇರಿ ತಪ್ಪುವುದಿಲ್ಲ. ಮುಂದಿನ ಶನಿವಾರ ಬಂಡಿಯನ್ನು ಫೆರಿಯ ಮೇಲೆ ಒಯ್ದು ದೋಣಿಯನ್ನು ತರಬಹುದು. ಹೀಗೆ ಎರಡನೆಯ ದಾರಿಯುಳ್ಳ ರೇವೇ ಒಳ್ಳೆಯ ರೇವು. ದಾರಿ ಒಂದೇ ಆಗಿದ್ದರೆ ಎಂಥ ವಿವೇಕಿಯೂ ಕೊನೆಗೆ ಆತುರಕ್ಕೆ ಸೋಲುವನು.

ಇನ್ನು ರೇವಿನಲ್ಲಿಯೇ ಗಮನಿಸತಕ್ಕ ಕೆಲವು ಸಂಗತಿಗಳಿವೆ. ಹಲವು ರಾತ್ರಿ ಬಂಡಿಯನ್ನು ನಿಲ್ಲಿಸಲು ಅನುಮತಿಯುಂಟೇ, ಶುಲ್ಕವೆಷ್ಟು ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು. ಇಳಿಜಾರಿನ ಕಾಂಕ್ರೀಟು ನೀರಿನೊಳಗೆ ಎಲ್ಲಿಗೆ ಮುಗಿಯುವುದೆಂದು ತಿಳಿದಿರಬೇಕು. ತೀರ ಇಳಿತದಲ್ಲಿ ಬಂಡಿಯ ಚಕ್ರ ಅದರ ತುದಿಯಾಚೆಗೆ ಜಾರಿ ಸಿಕ್ಕಿಬೀಳುವುದುಂಟು. ಬೇಸಿಗೆಯಲ್ಲಿ ಅಲ್ಲಿಯ ಅತ್ಯಂತ ದೊಡ್ಡ ಇಳಿತಗಳು ಹಗಲಿನಲ್ಲಿಯೇ ಬರುವುದರಿಂದ ಈ ಎಚ್ಚರಿಕೆ ಹೆಚ್ಚು ಬೇಕು. ನೀರು ಏರುತ್ತಿರುವಾಗ ಕೆಲಸ ನಡೆಸಿದರೆ ತಳ ತಾಗಿದ ದೋಣಿಯನ್ನು ನೀರೇ ಎತ್ತಿಕೊಡುತ್ತದೆ. ಹಾಯಿಯ ಕಂಬವನ್ನು ಎತ್ತುವ ಮುನ್ನ ತಲೆಯ ಮೇಲೆ ವಿದ್ಯುತ್ತಿನ ತಂತಿಯಿಲ್ಲವೆಂಬುದನ್ನು ಕಣ್ಣಾರೆ ನೋಡಬೇಕು. ದೂರ ಓಡಿ ಬಂದ ಚಕ್ರಗಳ ಅಚ್ಚು ಬಿಸಿಯಾಗಿರುತ್ತದೆ. ಒಮ್ಮೆಗೇ ತಣ್ಣೀರಿನಲ್ಲಿ ಮುಳುಗಿಸಿದರೆ ಉಪ್ಪುನೀರನ್ನು ಒಳಕ್ಕೆ ಹೀರಿ ಕೆಡುತ್ತದೆ. ಸ್ವಲ್ಪ ಹೊತ್ತು ಆರಗೊಟ್ಟು, ಆ ವೇಳೆಯಲ್ಲಿ ಸಾಮಾನುಗಳನ್ನು ಜೋಡಿಸಿಕೊಳ್ಳುವುದು ಲೇಸು. ದೋಣಿಯ ತಳದ ಬಿರಡೆಯನ್ನು ಹಾಕಿದೆಯೇ ಎಂದು ಮನೆಯಾಕೆಯೂ ಒಮ್ಮೆ ನೋಡಲಿ. ನಾಲ್ಕು ಕಣ್ಣುಗಳು ಎರಡಕ್ಕಿಂತ ಮೇಲು.

ಕಡೆಯದಾಗಿ, ಮನೆ ಬಿಡುವ ಮುನ್ನ ಒಂದು ಹಾಳೆಯ ಮೇಲೆ ನಾಲ್ಕು ಸಂಗತಿಗಳನ್ನು ಬರೆಯಬೇಕು: ಇಳಿಯುವ ರೇವು, ಮರಳುವ ದಿನ ಮತ್ತು ಹೊತ್ತು, ದಾಟಲಾಗದಿದ್ದರೆ ಹಿಡಿಯುವ ಎರಡನೆಯ ದಾರಿ, ದೋಣಿಯಲ್ಲಿರುವವರ ಹೆಸರು. ಅದರ ಪ್ರತಿಯನ್ನು ದಡದಲ್ಲಿರುವ ಆಪ್ತರೊಬ್ಬರ ಕೈಗೆ ಕೊಟ್ಟು, ಹೊತ್ತಿಗೆ ಸರಿಯಾಗಿ ಸುದ್ದಿ ಬಾರದಿದ್ದರೆ ಕರಾವಳಿಯ ಕಾವಲು ಪಡೆಗೆ ತಿಳಿಸುವಂತೆ ಹೇಳಿಡತಕ್ಕದ್ದು. ದೋಣಿಯಲ್ಲಿಯೂ ರೇಡಿಯೋ ಇದ್ದು, ಆಪತ್ಕಾಲಕ್ಕೆ ಮೀಸಲಾದ 16ನೆಯ ಚಾನೆಲ್ಲಿನಲ್ಲಿ ಮಾತನಾಡುವುದನ್ನು ಗಂಡಹೆಂಡಿರಿಬ್ಬರೂ ಕಲಿತಿರಬೇಕು. ಮೂರನೆಯ ಸಂಗತಿಯನ್ನು ಬರೆಯಲು ಕುಳಿತವನಿಗೆ ಏನೂ ತೋಚದೆ ಲೇಖನಿ ನಿಂತಿತೆಂದರೆ, ಅವನು ಆರಿಸಿದ ರೇವು ಸರಿಯಾದುದಲ್ಲ. ಭೂಪಟವನ್ನು ಮತ್ತೆ ಬಿಡಿಸಿ ನೋಡಲಿ.