ಶೇಕಡಾ ಲೆಕ್ಕದಾಚೆಯ ಮಗು
ಕೇರಳದ ಗಡಿಗೆ ಅಂಟಿಕೊಂಡ ಕರಿಕೆಯಿಂದ ಮಡಿಕೇರಿಗೆ ಬರಬೇಕೆಂದರೆ ಭಾಗಮಂಡಲದ ಘಾಟಿ ಹತ್ತಬೇಕು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬೌದ್ಧಿಕ ವೈಕಲ್ಯವಿರುವ ಮಗುವಿಗೆ ಇಷ್ಟು ದೂರ ಬಂದು ಸಿಗುವುದು ಶೇಕಡಾ ಲೆಕ್ಕದ ಪ್ರಮಾಣಪತ್ರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಮೀಸಲಾತಿಯಂಥ ಸವಲತ್ತಿಗೆ ವೈಕಲ್ಯ ಕನಿಷ್ಠ ಶೇ 40 ಇರಬೇಕು.

ಆದರೆ ಆ ಅಂಕಿ ಮಗುವಿನ ಕಥೆ ಹೇಳುವುದಿಲ್ಲ. 21ನೇ ವರ್ಣತಂತು ಹೆಚ್ಚಾಗಿರುವ ಡೌನ್ ಸಿಂಡ್ರೋಮ್‌ನಲ್ಲಿ ಸ್ನಾಯು ಸಡಿಲ, ನಡಿಗೆ ತಡ. ಹೇಳಿದ್ದು ಅರ್ಥವಾದರೂ ಮಾತು ಹಿಂದೆ ಬೀಳುತ್ತದೆ. ವಿಲಿಯಮ್ಸ್ ಸಿಂಡ್ರೋಮ್‌ನ ಮಗು ಅಪರಿಚಿತರೊಡನೆಯೂ ಹರಟುತ್ತದೆ, ಚಿತ್ರ ಬರೆಯಲು ತಡಕಾಡುತ್ತದೆ. ಫ್ರಾಜೈಲ್ ಎಕ್ಸ್ ಇರುವವರು ಕಣ್ಣು ತಪ್ಪಿಸುತ್ತಾರೆ, ಗದ್ದಲಕ್ಕೆ ಬೆದರುತ್ತಾರೆ. ಮೂವರಿಗೂ ಒಂದೇ ಪಾಠವೆಂದರೆ ಹೇಗೆ?

ಆರೋಗ್ಯ ಇಲಾಖೆ ಮಾತು, ಚಲನೆ, ವರ್ತನೆಯ ತಜ್ಞರನ್ನು ತಿಂಗಳಿಗೊಮ್ಮೆಯಾದರೂ ಕರಿಕೆಗೇ ಕಳುಹಿಸಲಿ.