ದೂರ ಅಷ್ಟೇ, ದಾರಿ ಮಾತ್ರ ಬೇರೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಯಾವ ಸರಕಾರವೂ ಹೆಚ್ಚಿಸಲಾರದು, ತಗ್ಗಿಸಲೂ ಆರದು. ಆದರೆ ಆ ದೂರವನ್ನು ಕ್ರಮಿಸಲು ತಗಲುವ ಸಮಯ ಬಹಳಮಟ್ಟಿಗೆ ಸರಕಾರಗಳ ಕೈಯಲ್ಲಿದೆ. ಫಿನ್ಲೆಂಡಿನ ಹೆಲ್ಸಿಂಕಿ ಮತ್ತು ಜಪಾನಿನ ಟೋಕಿಯೋ ನಡುವಣ ವಿಮಾನ ಸಂಚಾರ ಇದಕ್ಕೆ ತಕ್ಕ ನಿದರ್ಶನ.

ಇವುಗಳ ನಡುವಿನ ನೇರ ಅಂತರ ಸುಮಾರು 7,800 ಕಿ.ಮೀ. ಶಾಲೆಯ ಭೂಪಟದಲ್ಲಿ ಗೆರೆ ಎಳೆದರೆ ದಾರಿ ಮಧ್ಯ ಏಷ್ಯದ ಮೇಲೆ ಹಾಯುವಂತೆ ಕಾಣುತ್ತದೆ. ಆದರೆ ಭೂಮಿ ಗೋಲವಷ್ಟೆ! ಗೋಲದ ಮೇಲೆ ನೂಲು ಎಳೆದು ನೋಡಿದರೆ ಹತ್ತಿರದ ದಾರಿ ಉತ್ತರಕ್ಕೆ ಬಾಗಿ ಸೈಬೀರಿಯದ ಮೇಲೆ ಹೋಗುತ್ತದೆ. ಗಂಟೆಗೆ ಸುಮಾರು 900 ಕಿ.ಮೀ. ವೇಗದ ವಿಮಾನಕ್ಕೆ ಇದು ಒಂಬತ್ತು ಹತ್ತು ಗಂಟೆಗಳ ಪ್ರಯಾಣ.

1983ರಲ್ಲಿ ಫಿನ್ಲೆಂಡಿನ ಫಿನ್‌ಏರ್ ಸಂಸ್ಥೆ ಟೋಕಿಯೋಗೆ ನಿಲುಗಡೆಯಿಲ್ಲದ ಯಾನ ಆರಂಭಿಸಿದಾಗ ಸೋವಿಯೆತ್ ಆಕಾಶ ಅದಕ್ಕೆ ತೆರೆದಿರಲಿಲ್ಲ. ವಿಮಾನ ಉತ್ತರ ಧ್ರುವದ ಮೇಲೆ ಸುತ್ತಿ ಸುಮಾರು 13 ಗಂಟೆ ಹಾರಬೇಕಾಯಿತು. ಮುಂದೆ ಸೈಬೀರಿಯದ ದಾರಿ ತೆರೆಯಿತು, ಸಮಯ ತಗ್ಗಿತು. 2022ರ ಫೆಬ್ರವರಿಯಲ್ಲಿ ರಷ್ಯ ಯುಕ್ರೇನಿನ ಮೇಲೆ ದಾಳಿಯಿಟ್ಟ ಬೆನ್ನಿಗೇ ಯುರೋಪು ಮತ್ತು ರಷ್ಯ ಪರಸ್ಪರ ಆಕಾಶ ಮುಚ್ಚಿಕೊಂಡವು. ಪ್ರಯಾಣ ಮತ್ತೆ ಸುಮಾರು 13 ಗಂಟೆಗೇ ಬಂದು ನಿಂತಿತು. ನಾಲ್ಕು ದಶಕಗಳಲ್ಲಿ ವಿಮಾನ ಸುಧಾರಿಸಿತು. ಮನುಷ್ಯ ಸುಧಾರಿಸಿದನೆಂದು ಹೇಳುವಂತಿಲ್ಲ. ಹೆಚ್ಚಿನ ಇಂಧನದ ಭಾರ, ಹೆಚ್ಚಿನ ಸಿಬ್ಬಂದಿಯ ಖರ್ಚು ಕೊನೆಗೆ ಬೀಳುವುದು ಟಿಕೆಟು ಕೊಳ್ಳುವವನ ಮೇಲೆ.

ಇದು ದೂರದವರ ಕತೆಯೆಂದು ನಾವು ಸುಮ್ಮನಿರುವಂತಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಕೆಲವೇ ದಿನಗಳಲ್ಲಿ ಭಾರತವೂ ಹಾಗೆಯೇ ಮಾಡಿತು. ದಿಲ್ಲಿಯಿಂದ ಅಮೆರಿಕಕ್ಕೆ ಹೊರಟ ನಮ್ಮ ವಿಮಾನಗಳು ಸುತ್ತು ಬಳಸಿ ಹೋಗಬೇಕಾಯಿತು. ಕೆಲವು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು.

ಕಾಸರಗೋಡಿನವರಿಗಂತೂ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಲ್ಲಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. 2020ರ ಮಾರ್ಚಿನಲ್ಲಿ ಕೊರೋನಾ ಹೆಸರಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಅದೇ 50 ಕಿ.ಮೀ. ದಾಟಲಾರದ ದೂರವಾಯಿತು. ತಲಪಾಡಿಯಿಂದ ಆಂಬುಲೆನ್ಸುಗಳು ಹಿಂದಿರುಗಿದವು. ಮಂಗಳೂರಿನ ಆಸ್ಪತ್ರೆ ತಲುಪಲಾರದೆ ನಮ್ಮವರು ಹಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಬೇಕೆಂದು ಆದೇಶಿಸಬೇಕಾಯಿತು.

ಆಕಾಶದ ಮೇಲಿನ ಒಡೆತನವನ್ನು ಆಯಾ ದೇಶಕ್ಕೆ ಒಪ್ಪಿಸಿದ್ದು 1944ರ ಶಿಕಾಗೋ ಒಪ್ಪಂದ. ಆಪತ್ತಿಗೆ ಸಿಕ್ಕ ವಿಮಾನಕ್ಕೆ ನೆರವಾಗಬೇಕೆಂದೂ ಅದೇ ಒಪ್ಪಂದ ವಿಧಿಸುತ್ತದೆ. ಮುನಿದ ರಾಷ್ಟ್ರಗಳಿಗೇ ಇಂತಹ ಕಟ್ಟಳೆ ಇರುವಾಗ, ಒಂದೇ ದೇಶದ ಎರಡು ರಾಜ್ಯಗಳ ನಡುವೆ ಏಕಿರಬಾರದು? ಯಾವ ಕಾರಣಕ್ಕೆ ಗಡಿ ಮುಚ್ಚಿದರೂ ರೋಗಿಯ ದಾರಿಯನ್ನು ಮುಚ್ಚುವುದಿಲ್ಲವೆಂದು ಕೇರಳ, ಕರ್ನಾಟಕ ಸರಕಾರಗಳು ಲಿಖಿತವಾಗಿ ಒಪ್ಪಬೇಕು. ಮುಂದಿನ ಆಪತ್ತು ಬರುವ ಮೊದಲೇ ಈ ಕೆಲಸ ಆಗಬೇಕೆಂಬುದು ನಮ್ಮ ಆಗ್ರಹ.