ಕಟ್ಟಿದವರನ್ನು ಕೇಳಿ ಮನೆ ಕಟ್ಟಿ

ಸಿರಿಗೇರಿ, ಸಿರುಗುಪ್ಪ, ಕುರುಗೋಡು ಸೀಮೆಯ ಬಂಧುಗಳೇ, ಬಳ್ಳಾರಿಯ ನಾಗರಿಕರೇ,

ಮಳೆ ಕೈಕೊಟ್ಟಾಗ, ತುಂಗಭದ್ರಾ ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದಾಗ ನಮ್ಮ ಹಳ್ಳಿಗಳ ಕೂಲಿಯವರು ಬಳ್ಳಾರಿ ಸೇರುತ್ತಾರೆ. ಅಲ್ಲಿನ ಕೊಳೆಗೇರಿಗಳಲ್ಲಿ ಅವರ ಮನೆ ಎದ್ದದ್ದು ಕೈಗೆ ಕಾಸು ಬಂದ ಹಾಗೆ. ಮೊದಲು ತಾಡಪಾಲು, ಆಮೇಲೆ ತಗಡು, ಮಗಳ ಮದುವೆ ಗೊತ್ತಾದಾಗ ಒಂದು ಇಟ್ಟಿಗೆ ಗೋಡೆ. ಜೀನ್ಸ್ ಹೊಲಿಯುವ ಮಷಿನ್ನಿಗೂ ಅದೇ ಮನೆಯಲ್ಲಿ ಜಾಗ, ತಳ್ಳುಗಾಡಿಗೆ ಅದೇ ಬಾಗಿಲ ಮುಂದೆ ನೆರಳು.

ಆ ಮನೆಗಳು ಹಾಗೇ ಇರಲಿ ಎನ್ನುತ್ತಿಲ್ಲ. ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಕೆಳಗೆ ಹಸುಗೂಸು ಮಲಗುವುದನ್ನು ನೋಡಿ ಸುಮ್ಮನಿರಲಾಗದು. ಆದರೆ ನಾಳೆ ಕೆಡವುತ್ತಾರೇನೋ ಎಂಬ ಭಯವಿರುವಾಗ ತಗಡು ಕಿತ್ತು ಆರ್‌ಸಿಸಿ ಹಾಕುವ ಧೈರ್ಯ ಯಾರಿಗಿದೆ? ಹಕ್ಕುಪತ್ರವಿಲ್ಲದವರಿಗೆ ಬ್ಯಾಂಕ್ ಸಾಲವೂ ಸಿಗದು. ಆದ್ದರಿಂದ ಮೊದಲು ಇದ್ದಲ್ಲೇ ಹಕ್ಕುಪತ್ರ, ಅದೂ ಮನೆಯೊಡತಿಯ ಹೆಸರಿಗೆ. ಬೆನ್ನಿಗೇ ನಲ್ಲಿ, ಚರಂಡಿ, ಶೌಚಾಲಯ. ಉಳಿದದ್ದನ್ನು ಆ ಜನರೇ ಕಟ್ಟಿಕೊಳ್ಳುತ್ತಾರೆ; ಇಷ್ಟು ವರ್ಷ ಕಟ್ಟಿಕೊಂಡವರೂ ಅವರೇ ಅಲ್ಲವೇ?

ಎಬ್ಬಿಸಿ ದೂರ ಕಳಿಸಿದರೆ ಏನಾಗುತ್ತದೆಂದು ಈ ಜಿಲ್ಲೆ ಕಂಡಿದೆ. ಹಂಪಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 2011ರ ಜುಲೈನಲ್ಲಿ, ವಿರೂಪಾಕ್ಷ ಬಜಾರಿನ ಮನೆ ಅಂಗಡಿಗಳನ್ನು ಜೆಸಿಬಿ ಉರುಳಿಸಿತು. ಸ್ಮಾರಕ ಉಳಿಯಬೇಕಿತ್ತು, ನಿಜ. ಆದರೆ ಕಡ್ಡಿರಾಂಪುರದಲ್ಲಿ ಬದಲಿ ಜಾಗಕ್ಕಾಗಿ ಜನ ವರ್ಷಗಟ್ಟಲೆ ಕಾದರು. ಪ್ರವಾಸಿಗರನ್ನೇ ನಂಬಿದ್ದ ವ್ಯಾಪಾರ ಎತ್ತಂಗಡಿಯಾದವರ ಹಿಂದೆ ಹೋಗಲಿಲ್ಲ. ಥಾಯ್ಲೆಂಡ್ ಬೇರೆ ದಾರಿ ಹಿಡಿದಿದೆ. 2003ರಲ್ಲಿ ಶುರುವಾದ ಬಾನ್ ಮಂಕೊಂಗ್ ಯೋಜನೆಯಲ್ಲಿ ನಿವಾಸಿಗಳು ಸಂಘ ಕಟ್ಟಿಕೊಂಡು ಸಾಲ ಪಡೆಯುತ್ತಾರೆ, ತಮ್ಮ ಓಣಿಯ ನಕ್ಷೆ ಬರೆಯುವವರ ಜೊತೆಗೇ ಕೂರುತ್ತಾರೆ. ನಮ್ಮಲ್ಲೂ 1973ರ ಕೊಳಚೆ ಪ್ರದೇಶಗಳ ಕಾಯ್ದೆಯಿದೆ, ಕೊಳಗೇರಿ ಅಭಿವೃದ್ಧಿ ಮಂಡಳಿಯಿದೆ. ಆದರೆ ಕೊಳಚೆ ಪ್ರದೇಶವೆಂದು ಘೋಷಣೆಯಾಗದ ಕೇರಿಗೆ ಆ ಕಾಯ್ದೆಯ ಆಸರೆ ಸಿಗುವುದಿಲ್ಲ. ಘೋಷಣೆಗೆ ಅರ್ಜಿ ಬರೆದುಕೊಡುವವರೇ ಎಷ್ಟೋ ಕೇರಿಗಳಲ್ಲಿ ಇಲ್ಲ.

ನಿಮ್ಮಲ್ಲಿ ಬೇಡುವುದು ಇದೇ. ಊರಲ್ಲಿರುವ ಅಣ್ಣತಮ್ಮಂದಿರೇ, ಬಳ್ಳಾರಿಯಲ್ಲಿರುವ ನಿಮ್ಮವರ ಹಳೇ ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಕಂದಾಯದ ರಸೀದಿ ಒಂದೂ ಕಳೆಯದಂತೆ ಜೋಡಿಸಿಡಲು ಹೇಳಿ. ವಾಸದ ಪುರಾವೆಗೆ ನಾಳೆ ಬೇಕಾಗುವುದು ಅವೇ. ನಗರದವರೇ, ನಿಮ್ಮ ಮನೆಯ ಪಾತ್ರೆ ತೊಳೆಯುವ, ಗೋಡೆ ಕಟ್ಟುವ ಈ ನೆರೆಯವರನ್ನು ಒತ್ತುವರಿದಾರರೆಂದು ಕರೆಯಬೇಡಿ. ಅವರ ಕೇರಿಯ ಚರಂಡಿಯ ಮಾತು ಎದ್ದಾಗ ಪಾಲಿಕೆಯ ಮುಂದೆ ಅವರ ಜೊತೆ ನಿಲ್ಲಿ. ಇಂಜಿನಿಯರಿಂಗ್ ಓದುವ ಮಕ್ಕಳೇ, ಟೇಪು ಹಿಡಿದು ಹೋಗಿ, ಮನೆಮನೆ ಅಳೆದು, ಅಲ್ಲಿನ ಹೆಂಗಸರ ಎದುರೇ ನಕ್ಷೆ ಬರೆದುಕೊಡಿ. ಈ ರಜೆಯಲ್ಲೇ, ಒಂದು ಓಣಿಯಿಂದ ಶುರು ಮಾಡಿ.